ಆಂಗ್ಲಿಕನ್ ಸಭೆಯಲ್ಲಿ ಆರಾಧನಾ ವೈವಿಧ್ಯ ಮತ್ತು ಅಧಿಕೃತ ಕ್ರಮಗಳು : ಒಂದು ವಿವೇಚನೆ

ಕ್ರೈಸ್ತ ಪರಂಪರೆಗಳಲ್ಲಿ ಕೆಲವು ವಿಶ್ವಾಸಪ್ರಮಾಣಗಳ ಮೂಲಕ, ಕೆಲವು ಪೋಪರಂತಹ ಕೇಂದ್ರಾಧಿಕಾರದ ಮೂಲಕ ತಮ್ಮ ಐಕ್ಯವನ್ನು ಕಾಯ್ದುಕೊಂಡು ಬಂದಿವೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಐಕ್ಯವಾದರೋ ಬಹುಕಾಲ ಒಂದು ಪ್ರಾರ್ಥನಾ ಗ್ರಂಥವನ್ನು ಆಶ್ರಯಿಸಿ ನಿಂತಿತ್ತು. ಸಭೆಯ ಬೋಧನೆ ಏನೆಂಬುದನ್ನು ಅದರ ಪ್ರಾರ್ಥನೆಯಲ್ಲಿಯೇ ಕಾಣಬೇಕೆಂಬುದು ಆ ಪರಂಪರೆಯ ನಂಬಿಕೆ. ಆದಕಾರಣ ಅಲ್ಲಿ ಆರಾಧನೆಯ ಮಾತು ಬದಲಾದರೆ ವಿಶ್ವಾಸವೇ ಬದಲಾಯಿತೆಂಬ ಆತಂಕ ಹುಟ್ಟುತ್ತದೆ. ಯಾವ ಆರಾಧನೆ ಅಧಿಕೃತ, ಅದನ್ನು ಅಧಿಕೃತಗೊಳಿಸುವವರು ಯಾರು, ಅಧಿಕೃತವಾದುದರೊಳಗೆ ಭಿನ್ನತೆಗೆ ಎಷ್ಟು ಎಡೆಯಿದೆ ಎಂಬ ಪ್ರಶ್ನೆಗಳು ಆ ಸಭೆಯ ಇತಿಹಾಸದುದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತಿರುವುದು ಈ ಕಾರಣದಿಂದಲೇ.

ಏಕರೂಪತೆಯ ಆದರ್ಶ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಲ್ಯಾಟಿನ್ ಆರಾಧನೆಯು ಸಾಲ್ಸ್‌ಬರಿ, ಹೆರೆಫರ್ಡ್, ಯಾರ್ಕ್, ಲಿಂಕನ್ ಮೊದಲಾದ ಕೇಂದ್ರಗಳಲ್ಲಿ ಬೇರೆ ಬೇರೆ ಪದ್ಧತಿಗಳಂತೆ ನಡೆಯುತ್ತಿತ್ತು. ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಅವರ ನೇತೃತ್ವದಲ್ಲಿ 1549ರಲ್ಲಿ ಸಿದ್ಧವಾದ ಸಾಮಾನ್ಯ ಪ್ರಾರ್ಥನಾ ಗ್ರಂಥವು ಇವೆಲ್ಲದರ ಸ್ಥಾನದಲ್ಲಿ ಇಡೀ ರಾಜ್ಯಕ್ಕೆ ಒಂದೇ ಪದ್ಧತಿಯನ್ನು ವಿಧಿಸಿತು. ಸಂಸತ್ತಿನ ಏಕರೂಪತಾ ಕಾಯ್ದೆಯ ಬಲ ಅದಕ್ಕಿತ್ತು. ಜನರಿಗೆ ತಿಳಿಯುವ ಭಾಷೆಯಲ್ಲಿ ಆರಾಧನೆ ನಡೆಯಬೇಕೆಂಬುದು ಗ್ರಂಥದ ಉದಾತ್ತ ಆಶಯವಾಗಿತ್ತು. ವಿಪರ್ಯಾಸವೆಂದರೆ, ಅದೇ ವರ್ಷ ಡೆವನ್ ಹಾಗೂ ಕಾರ್ನ್‌ವಾಲ್ ಪ್ರದೇಶಗಳ ಜನ ಇದರ ವಿರುದ್ಧ ದಂಗೆಯೆದ್ದರು. ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ತಿಳಿಯದೆಂಬುದು ಕಾರ್ನಿಷ್ ಭಾಷಿಕರ ದೂರುಗಳಲ್ಲಿ ಒಂದಾಗಿತ್ತು. ದಂಗೆಯನ್ನು ಸೈನ್ಯದ ಮೂಲಕ ಹತ್ತಿಕ್ಕಲಾಯಿತು.

ಏಕರೂಪತೆಯ ಆದರ್ಶವು ಆಚರಣೆಯಲ್ಲಿ ಎಂದೂ ಪೂರ್ಣವಾಗಿರಲಿಲ್ಲ ಎಂಬುದು ಗಮನಾರ್ಹ. ವಿಶ್ವವಿದ್ಯಾಲಯಗಳ ಬಳಕೆಗಾಗಿ 1560ರಲ್ಲಿ ಲ್ಯಾಟಿನ್ ಆವೃತ್ತಿಯೂ, 1567ರಲ್ಲಿ ವೆಲ್ಷ್ ಅನುವಾದವೂ ಬಂದವು. ಅಷ್ಟೇ ಅಲ್ಲ, 1571ರಲ್ಲಿ ಅಂತಿಮ ರೂಪ ಪಡೆದ ಮೂವತ್ತೊಂಬತ್ತು ವಿಧಿಗಳಲ್ಲಿ ಮೂವತ್ತನಾಲ್ಕನೆಯದು, ಸಂಪ್ರದಾಯಗಳೂ ವಿಧಿಕ್ರಿಯೆಗಳೂ ಎಲ್ಲೆಡೆ ಒಂದೇ ಆಗಿರಬೇಕಿಲ್ಲವೆಂದೂ, ದೇಶ ಕಾಲಗಳಿಗೆ ಅನುಗುಣವಾಗಿ ಅವನ್ನು ಬದಲಿಸಬಹುದೆಂದೂ ಒಪ್ಪುತ್ತದೆ. ಆದರೆ ಈ ಅಧಿಕಾರ ಇರುವುದು ಆಯಾ ರಾಷ್ಟ್ರದ ಸಭೆಗೆ. ಸ್ವೇಚ್ಛೆಯಿಂದ ವ್ಯವಹರಿಸುವ ವ್ಯಕ್ತಿಗಲ್ಲ. ಮುಂದಿನ ಎಲ್ಲ ವಿವಾದಗಳ ಬೀಜ ಈ ಭೇದದಲ್ಲಿಯೇ ಅಡಗಿದೆ.

ಒತ್ತಾಯದ ಬೆಲೆ

ಈ ಗ್ರಂಥವನ್ನು 1645ರಲ್ಲಿ ಸಂಸತ್ತು ನಿಷೇಧಿಸಿತು. ಅರಸೊತ್ತಿಗೆಯ ಪುನಃಸ್ಥಾಪನೆಯ ಬಳಿಕ 1662ರಲ್ಲಿ ಅದು ಪರಿಷ್ಕೃತ ರೂಪದಲ್ಲಿ ಮತ್ತೆ ಕಡ್ಡಾಯವಾಯಿತು. 1660ರಿಂದ 1662ರವರೆಗಿನ ಅವಧಿಯಲ್ಲಿ ಸುಮಾರು 2,000 ಬೋಧಕರು ತಮ್ಮ ಸ್ಥಾನಗಳನ್ನು ಕಳೆದುಕೊಂಡರು. ಒಂದೇ ಗ್ರಂಥದ ಮೂಲಕ ಐಕ್ಯವನ್ನು ಸಾಧಿಸಹೊರಟ ಪ್ರಯತ್ನವು ಆ ಸಭೆಯಿಂದ ಹೊರಗುಳಿದವರ ಪ್ರತ್ಯೇಕ ಪರಂಪರೆಯನ್ನು ಬಲಗೊಳಿಸಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸಂಘರ್ಷ ಸಭೆಯೊಳಗೇ ಹುಟ್ಟಿತು. ಪ್ರಾಚೀನ ಕ್ಯಾಥೊಲಿಕ್ ಪದ್ಧತಿಗಳನ್ನು ಮರಳಿ ತರಬಯಸಿದವರು ಧೂಪ, ದೀಪ, ವಿಶೇಷ ವಸ್ತ್ರ ಮೊದಲಾದವನ್ನು ಬಳಸತೊಡಗಿದರು. ಇವನ್ನು ತಡೆಯಲು 1874ರಲ್ಲಿ ಸಾರ್ವಜನಿಕ ಆರಾಧನಾ ನಿಯಂತ್ರಣ ಕಾಯ್ದೆ ಅಂಗೀಕೃತವಾಯಿತು. ಇದರ ಕ್ರಮಗಳಿಗೆ ಮಣಿಯದ ಆರ್ಥರ್ ಟೂತ್ 1877ರಲ್ಲಿ ಸೆರೆಮನೆ ಸೇರಿದರು; ಬಳಿಕ ಇನ್ನೂ ಕೆಲವು ಪಾದ್ರಿಗಳಿಗೆ ಅದೇ ಗತಿಯಾಯಿತು. ಮೇಣದಬತ್ತಿ ಹಚ್ಚಿದುದಕ್ಕಾಗಿ ಧರ್ಮಗುರುವೊಬ್ಬನನ್ನು ಸೆರೆಗೆ ತಳ್ಳುವುದು ಜನಾಭಿಪ್ರಾಯಕ್ಕೆ ಒಪ್ಪಿಗೆಯಾಗಲಿಲ್ಲ. ಆರಾಧನೆಯ ಕಾನೂನು ಅಂದಿನ ತಲೆಮಾರಿನ ಧಾರ್ಮಿಕ ಜೀವನಕ್ಕೆ ತೀರ ಇಕ್ಕಟ್ಟಾಗಿದೆ ಎಂಬ ನಿರ್ಣಯಕ್ಕೆ 1906ರಲ್ಲಿ ರಾಜ ಆಯೋಗವೇ ಬಂದಿತು.

ಇದರ ಫಲವಾಗಿ ಸಿದ್ಧಗೊಂಡ ಪರಿಷ್ಕೃತ ಗ್ರಂಥವನ್ನು ಹೌಸ್ ಆಫ್ ಕಾಮನ್ಸ್ 1927ರಲ್ಲಿ 205ಕ್ಕೆ ಎದುರಾಗಿ 238 ಮತಗಳಿಂದಲೂ, 1928ರಲ್ಲಿ 220ಕ್ಕೆ ಎದುರಾಗಿ 266 ಮತಗಳಿಂದಲೂ ತಿರಸ್ಕರಿಸಿತು. ಆದರೂ ಆ ಗ್ರಂಥದ ಬಳಕೆಯನ್ನು ಸಭಾನಿಷ್ಠೆಗೆ ವಿರುದ್ಧವೆಂದು ಪರಿಗಣಿಸುವುದಿಲ್ಲವೆಂದು ಬಿಷಪ್ಪರು 1929ರಲ್ಲಿ ಸಾರಿದರು. ಹೀಗೆ ಕಾನೂನಿನ ದೃಷ್ಟಿಯಲ್ಲಿ ಅನಧಿಕೃತವಾದುದು ಬಿಷಪ್ಪರ ಸಮ್ಮತಿಯಿಂದ ಬಳಕೆಯಲ್ಲಿ ಉಳಿಯಿತು. ಪ್ರಾರ್ಥನೆಯ ಮಾತನ್ನು ನಿರ್ಣಯಿಸಬೇಕಾದವರು ಜನಪ್ರತಿನಿಧಿಗಳೋ ಪ್ರಾರ್ಥಿಸುವ ಸಭೆಯೋ ಎಂಬ ಪ್ರಶ್ನೆಯನ್ನು ಇನ್ನು ಮುಂದೂಡುವಂತಿರಲಿಲ್ಲ.

ಗ್ರಂಥದಿಂದ ಚೌಕಟ್ಟಿನೆಡೆಗೆ

ಇದಕ್ಕೆ ಸ್ಪಷ್ಟ ಉತ್ತರ ದೊರೆತುದು 1974ರ ಆರಾಧನೆ ಮತ್ತು ಸಿದ್ಧಾಂತ ಶಾಸನದಲ್ಲಿ. 1662ರ ಗ್ರಂಥವು ಬಳಕೆಗೆ ಲಭ್ಯವಿರಬೇಕೆಂಬ ನಿಬಂಧನೆಯೊಡನೆ, ಹೊಸ ಕ್ರಮಗಳಿಗೆ ಒಪ್ಪಿಗೆ ನೀಡುವ ಅಧಿಕಾರ ಸಭೆಯ ಜನರಲ್ ಸಿನಡ್‌ಗೆ ಬಂದಿತು. ಕ್ಯಾನನ್ ಬಿ-2ರ ಪ್ರಕಾರ ಬಿಷಪ್ಪರು, ಪಾದ್ರಿಗಳು, ಸಾಮಾನ್ಯ ಸದಸ್ಯರು ಎಂಬ ಮೂರೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಅಗತ್ಯ. ಅಧಿಕೃತ ಕ್ರಮಗಳಲ್ಲಿ ಯಾವುದನ್ನು ಬಳಸಬೇಕೆಂಬುದನ್ನು ಪಾದ್ರಿಯೂ ಸ್ಥಳೀಯ ಸಭಾ ಸಮಿತಿಯೂ ಕೂಡಿ ತೀರ್ಮಾನಿಸಬೇಕೆಂದು ಬಿ-3 ಹೇಳುತ್ತದೆ. ಬಿ-5ರ ಪ್ರಕಾರ ಪಾದ್ರಿಯು ತನ್ನ ವಿವೇಚನೆಯಿಂದ ಸಣ್ಣಪುಟ್ಟ ಮಾರ್ಪಾಡುಗಳನ್ನು ಮಾಡಬಹುದು. ಆದರೆ ಅವು ಸಭೆಯ ಮೂಲ ಬೋಧನೆಗೆ ವಿರುದ್ಧವಾಗಿರಕೂಡದು.

1980ರ ಪರ್ಯಾಯ ಆರಾಧನಾ ಗ್ರಂಥವು ಈ ವ್ಯವಸ್ಥೆಯ ಮೊದಲ ದೊಡ್ಡ ಫಲ. ಆದರೆ ನಗರಗಳ ಬಡ ಬಡಾವಣೆಗಳನ್ನು ಕುರಿತ 1985ರ ‘ಫೇತ್ ಇನ್ ದಿ ಸಿಟಿ’ ವರದಿಯು ಒಂದು ಕಟುಸತ್ಯವನ್ನು ಮುಂದಿಟ್ಟಿತು. ಓದಿನ ಅಭ್ಯಾಸವಿಲ್ಲದ ಜನರ ಕೈಗೆ ಸಾವಿರಕ್ಕೂ ಹೆಚ್ಚು ಪುಟಗಳ ಗ್ರಂಥವನ್ನು ಕೊಡುವುದು ಸಭೆಗೂ ಸಾಮಾನ್ಯರಿಗೂ ನಡುವಣ ಕಂದರವನ್ನೇ ತೋರಿಸುತ್ತದೆಂಬುದು ಅದರ ವಿಮರ್ಶೆಯ ತಿರುಳು. ಈ ಚಿಂತನೆಯ ಮುಂದುವರಿಕೆಯಾಗಿ 1993ರಲ್ಲಿ ‘ವಾಕ್ಯದ ಆರಾಧನೆ’ ಎಂಬ ಕ್ರಮ ಅಧಿಕೃತವಾಯಿತು. ಇದು ಮೂಲತಃ ಪಠ್ಯವಲ್ಲ, ಚೌಕಟ್ಟು. ಪಾಪನಿವೇದನೆ, ವಿಶ್ವಾಸಘೋಷಣೆಗಳಿಗೆ ಅಧಿಕೃತ ಪದಗಳೇ ಬೇಕು; ಉಳಿದ ಭಾಗಗಳನ್ನು ಸ್ಥಳೀಯ ಸಭೆ ತನ್ನ ಮಾತಿನಲ್ಲಿ ತುಂಬಿಕೊಳ್ಳಬಹುದು. 2000ದಿಂದ ಹೊರಬಂದ ‘ಕಾಮನ್ ವರ್ಷಿಪ್’ ಸಂಪುಟಗಳು ಈ ನೆಲೆಯನ್ನು ವಿಸ್ತರಿಸಿದವು. ಪ್ರಭುಭೋಜನದ ಅದರ ಮೊದಲ ಕ್ರಮದಲ್ಲಿಯೇ ಎಂಟು ಕೃತಜ್ಞತಾ ಪ್ರಾರ್ಥನೆಗಳಿವೆ.

ದಕ್ಷಿಣ ಭಾರತದ ಕೊಡುಗೆ

ಇಂಗ್ಲೆಂಡಿಗಿಂತ ಮೊದಲೇ ಈ ದಾರಿಯನ್ನು ತುಳಿದುದು ದಕ್ಷಿಣ ಭಾರತ ಸಭೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಹಾಗೂ ಪ್ರೆಸ್‌ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಮೂಲದ ಸಭೆಗಳು ಒಂದಾದಾಗ, ಐಕ್ಯಕ್ಕೆ ಮೊದಲು ಬಳಕೆಯಲ್ಲಿದ್ದ ಯಾವ ಆರಾಧನಾಕ್ರಮವನ್ನೂ ನಿಷೇಧಿಸುವುದಿಲ್ಲವೆಂಬ ತತ್ತ್ವವನ್ನು ಅವು ಅಂಗೀಕರಿಸಿದವು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು, ಬೆಂಗಳೂರು-ಬಳ್ಳಾರಿಗಳ ಲಂಡನ್ ಮಿಷನ್ ಸಭೆಗಳು, ಬೆಂಗಳೂರಿನ ಸೇಂಟ್ ಮಾರ್ಕ್ಸ್‌ನಂತಹ ಆಂಗ್ಲಿಕನ್ ದೇವಾಲಯಗಳು ಈ ತತ್ತ್ವದ ಆಶ್ರಯದಲ್ಲಿ ಒಂದೇ ಸಭೆಯ ಅಂಗಗಳಾದವು. 1950ರಲ್ಲಿ ಮೊದಲು ಬಳಕೆಗೆ ಬಂದ ಹೊಸ ಪ್ರಭುಭೋಜನ ಕ್ರಮವನ್ನು ಯಾರ ಮೇಲೂ ಹೇರಲಿಲ್ಲ. ಅಧ್ಯಕ್ಷರು ಮೇಜಿನ ಹಿಂದೆ ಜನರಿಗೆ ಅಭಿಮುಖವಾಗಿ ನಿಲ್ಲುವುದು, ಕೇರಳದ ಸಿರಿಯನ್ ಪರಂಪರೆಯಿಂದ ಬಂದ, ಕೈಯಿಂದ ಕೈಗೆ ಶಾಂತಿಯನ್ನು ಹಂಚುವ ಪದ್ಧತಿ ಮುಂತಾದವು ಅದರ ವೈಶಿಷ್ಟ್ಯಗಳು. ಮುಂದಿನ ದಶಕಗಳಲ್ಲಿ ಇತರ ದೇಶಗಳ ಆರಾಧನಾ ಪರಿಷ್ಕರಣಗಳ ಮೇಲೂ ಇದರ ಪ್ರಭಾವ ಉಂಟಾಯಿತು. ಮಾವೊರಿ ಭಾಷೆಗೆ ಸ್ಥಾನವಿತ್ತ ನ್ಯೂಜಿಲೆಂಡಿನ 1989ರ ಪ್ರಾರ್ಥನಾ ಗ್ರಂಥವೂ, ಜನರು ತಮ್ಮ ಕಷ್ಟಗಳನ್ನು ಕೈಬೀಸಿ ಶಿಲುಬೆಯೆಡೆಗೆ ಕಳುಹುವ ಕೆನ್ಯಾದ ಕ್ರಮವೂ ದೇಶೀಯತೆಯನ್ನು ಅಧಿಕೃತ ಆರಾಧನೆಯೊಳಗೆ ತಂದ ಬೇರೆ ನಿದರ್ಶನಗಳು.

ಉಳಿದಿರುವ ಪ್ರಶ್ನೆ

ಚೌಕಟ್ಟು ಎಷ್ಟೇ ವಿಶಾಲವಾದರೂ ಅದರ ಅಂಚಿನಲ್ಲಿ ವಿವಾದ ಉಳಿಯುತ್ತದೆ. ಸಲಿಂಗ ಜೋಡಿಗಳಿಗಾಗಿ ರಚಿತವಾದ ಪ್ರಾರ್ಥನೆಗಳನ್ನು ನಿತ್ಯದ ಆರಾಧನೆಗಳೊಳಗೆ ಬಳಸಲು ಇಂಗ್ಲೆಂಡಿನ ಬಿಷಪ್ಪರು 2023ರ ಡಿಸೆಂಬರ್‌ನಲ್ಲಿ ಶಿಫಾರಸು ಮಾಡಿದರು. ಇಂತಹ ಶಿಫಾರಸು ಬಿ-5ರ ವಿವೇಚನೆಯ ಎಲ್ಲೆಯೊಳಗೆ ಬರುವುದೋ, ಇದಕ್ಕೆ ಬಿ-2ರ ಮೂರನೇ ಎರಡರ ಬಹುಮತ ಬೇಕೋ ಎಂಬ ಚರ್ಚೆ ತೀವ್ರವಾಯಿತು. ಒಂದು ಪಕ್ಷಕ್ಕೆ ಇದು ಆತ್ಮೀಯ ಪೋಷಣೆಯ ಪ್ರಶ್ನೆ. ಇನ್ನೊಂದಕ್ಕೆ ಸಿದ್ಧಾಂತದ ಪ್ರಶ್ನೆ. ವಿಷಯ ಹೊಸದಾದರೂ ವಾದದ ಸ್ವರೂಪ ಹಳೆಯದೇ.

ಒಟ್ಟಿನಲ್ಲಿ, ಆಂಗ್ಲಿಕನ್ ಇತಿಹಾಸದಲ್ಲಿ ಅಧಿಕೃತತೆ ಮತ್ತು ವೈವಿಧ್ಯ ಪರಸ್ಪರ ಶತ್ರುಗಳಲ್ಲ. ಕೇವಲ ಒತ್ತಾಯದಿಂದ ಏಕರೂಪತೆಯನ್ನು ಸಾಧಿಸಹೊರಟಾಗ ಸಭೆ ಒಡೆದಿದೆ. ಒಪ್ಪಿಗೆಯ ವಿಧಾನವನ್ನು ಸ್ಪಷ್ಟಪಡಿಸಿ, ಆಯ್ಕೆಯಲ್ಲಿ ಆರಾಧಕರಿಗೂ ಪಾಲು ಕೊಟ್ಟಾಗ ಭಿನ್ನ ಪದ್ಧತಿಗಳ ಜನ ಒಂದೇ ಸಭೆಯೊಳಗೆ ಉಳಿಯುವುದು ಸಾಧ್ಯವಾಗಿದೆ. ಅಧಿಕೃತ ಕ್ರಮವು ಪಾದ್ರಿಯ ಸ್ವೇಚ್ಛೆಯಿಂದ ಜನರನ್ನು ಕಾಯುವ ರಕ್ಷೆಯೂ ಹೌದು ಎಂಬುದನ್ನು ಮರೆಯಲಾಗದು. ಆ ರಕ್ಷೆ ಸೆರೆಯಾಗದಂತೆ ನೋಡಿಕೊಳ್ಳುವುದೇ ಈ ಪರಂಪರೆಯ ಮುಂದಿರುವ ಹೊಣೆ.