ಜಿಮ್ ಅಲ್ಲ, ಮನೆಯೊಳಗಿನ ನಡಿಗೆ

ಸ್ಟೇಟ್ ಬ್ಯಾಂಕ್‌ನಿಂದ ಉಳ್ಳಾಲಕ್ಕೋ ಸುರತ್ಕಲ್‌ಗೋ ಹೋಗುವ ಸಿಟಿ ಬಸ್ಸಿನ ಕಂಡಕ್ಟರನ್ನು ಒಮ್ಮೆ ಗಮನಿಸಿ. ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ, ಇಳಿದು ಹತ್ತಿ, ಮತ್ತೆ ಇಳಿದು ಹತ್ತಿಯೇ ಅವನ ದಿನ ಮುಗಿಯುತ್ತದೆ. ಡ್ರೈವರಿಗೆ ಮಾತ್ರ ಇಡೀ ದಿನ ಸೀಟು. ಲಂಡನ್ನಿನ ಬಸ್ಸುಗಳ ಇಂತಹದೇ ಕಂಡಕ್ಟರ್-ಡ್ರೈವರುಗಳನ್ನು ಜೆರ್ರಿ ಮಾರಿಸ್ ಎಂಬ ವೈದ್ಯರು ಅಧ್ಯಯನ ಮಾಡಿ 1953ರಲ್ಲಿ ಪ್ರಕಟಿಸಿದರು. ಡಬಲ್ ಡೆಕ್ಕರಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಡ್ರೈವರುಗಳಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಮುಂದೆ ಸಮವಸ್ತ್ರದ ಅಳತೆ ನೋಡಿದರೆ ಡ್ರೈವರುಗಳ ಪ್ಯಾಂಟಿನ ಸೊಂಟವೂ ದೊಡ್ಡದು!

ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 1999ರಲ್ಲಿ ಇನ್ನೊಂದು ಪರೀಕ್ಷೆ ಮಾಡಿದರು. 16 ಜನರಿಗೆ 8 ವಾರ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಒಬ್ಬರಿಗೆ ಅರ್ಧ ಕಿಲೋ ಕೊಬ್ಬು ಕೂಡ ಏರಲಿಲ್ಲ, ಇನ್ನೊಬ್ಬರಿಗೆ 4 ಕಿಲೋ ದಾಟಿತು. ಏರದವರು ವ್ಯಾಯಾಮವೇನೂ ಮಾಡಿರಲಿಲ್ಲ. ಏಳುವುದು, ಕೂರುವುದು, ಅತ್ತಿತ್ತ ಓಡಾಡುವುದು, ಇಂತಹ ಚಿಲ್ಲರೆ ಚಲನೆಯಲ್ಲೇ ಅವರ ಶಕ್ತಿ ಖರ್ಚಾಗಿತ್ತು. ಇದಕ್ಕೆ ಇಂಗ್ಲಿಷಿನಲ್ಲಿ ‘ನೀಟ್’ ಎಂದು ಚುಟುಕು ಹೆಸರು. ನಮ್ಮ ಮಕ್ಕಳು ಬರೆಯುವ ನೀಟ್ ಅಲ್ಲ! 2005ರ ಅಧ್ಯಯನದಲ್ಲಿ ದಪ್ಪಗಿದ್ದವರು ತೆಳ್ಳಗಿದ್ದವರಿಗಿಂತ ದಿನಕ್ಕೆ ಎರಡೂವರೆ ಗಂಟೆಗೂ ಹೆಚ್ಚು ಕೂತಿರುತ್ತಿದ್ದುದು ಕಂಡುಬಂತು. ಆದರೆ ತೂಕ ಇಳಿಸಿದ ಮೇಲೂ ಅವರು ಕೂರುವ ಹೊತ್ತು ಕಡಿಮೆಯಾಗಲಿಲ್ಲ. ಎಂದರೆ ಇದರಲ್ಲಿ ಹುಟ್ಟುಗುಣದ ಪಾಲೂ ಉಂಟು. ದಪ್ಪಗಿದ್ದವರನ್ನು ಸೋಮಾರಿ ಎಂದು ಹಂಗಿಸುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಈಗ ನಮ್ಮ ಮನೆಗಳಿಗೆ ಬರೋಣ. ಪತ್ತಿರ್‌ಗೆ ಅಕ್ಕಿ ಅರೆಯಲು ಕಲ್ಲು, ನೀರಿಗೆ ಬಾವಿ, ಬಟ್ಟೆಗೆ ಒಗೆಯುವ ಕಲ್ಲು ಇದ್ದ ಕಾಲ ಹೋಯಿತು. ಬೀಡಿ ಕಟ್ಟುವುದು ಕೂತೇ ಮಾಡುವ ಕೆಲಸವಾದರೂ ಎಲೆ ತರಲು, ಬೀಡಿ ಕೊಡಲು ಬ್ರಾಂಚಿಗೆ ನಡೆದೇ ಹೋಗಬೇಕಿತ್ತು. ಆ ಕಷ್ಟ ಮತ್ತೆ ಬೇಕು ಎಂದು ನಾವು ಹೇಳುವುದಿಲ್ಲ. ಉಮ್ಮಂದಿರ ಬೆನ್ನು ಸವೆಸಿದ ಕಲ್ಲು ಅದು. ಆದರೆ ಗ್ರೈಂಡರು, ಪಂಪು, ವಾಷಿಂಗ್ ಮೆಷಿನ್ ಬಂದಾಗ ಹೋದ ಚಲನೆಯ ಜಾಗಕ್ಕೆ ಬೇರೇನೂ ಬರಲಿಲ್ಲ.

ಗಂಡಸರಿಗಾದರೆ ಮಸೀದಿ ಉಂಟು. ಐದು ಹೊತ್ತಿನ ಫರ್ಳ್ ನಮಾಝಿನಲ್ಲೇ 17 ರಕಅತ್, 34 ಸುಜೂದ್. ಮಸೀದಿಗೆ ನಡೆಯುವ ಪ್ರತಿ ಹೆಜ್ಜೆಗೂ ಪ್ರತಿಫಲ ಉಂಟು ಎಂದು ಹದೀಸಿನಲ್ಲಿ ಕೇಳಿದವರೇ ಇನ್ನೂರು ಮೀಟರಿಗೂ ಬೈಕ್ ಸ್ಟಾರ್ಟ್ ಮಾಡುವುದು ಬೇರೆ ಮಾತು.

ಹೆಂಗಸರ ನಮಾಝ್ ಮನೆಯಲ್ಲೇ. ಶುಗರ್ ಬಂದು ಡಾಕ್ಟರು ‘ವಾಕಿಂಗ್ ಮಾಡಿ’ ಅಂದರೆ, ‘ಎಲ್ಲಿಗೆ ನಡೆಯುವುದು? ನೋಡಿದವರು ಎಂತ ಹೇಳಿಯಾರು?’ ಎಂಬುದೇ ಮೊದಲ ಚಿಂತೆ. ಫುಟ್‌ಪಾತ್ ಇಲ್ಲದ ರಸ್ತೆ, ನಾಯಿಗಳ ಹೆದರಿಕೆ ಬೇರೆ. ಜಿಮ್ಮಿನ ಫೀಸಿನ ಮಾತು ಬಿಡಿ.

ಹಾಗಾಗಿ ಸಣ್ಣದರಿಂದಲೇ ಶುರು ಮಾಡಬೇಕು. ಗಲ್ಫ್‌ನಿಂದ ಮಗನ ಫೋನ್ ಬಂದರೆ ಚಾವಡಿಯಲ್ಲಿ ಓಡಾಡುತ್ತಲೇ ಮಾತಾಡಬಹುದು. ಮಕ್ಕಳನ್ನು ಮದ್ರಸಕ್ಕೆ ಸ್ಕೂಟರಲ್ಲಿ ಬಿಡುವ ಬದಲು ನಡೆದು ಬಿಟ್ಟರೆ ಮಗುವಿಗೂ ಲಾಭ. ಊಟವಾದ ಕೂಡಲೇ ಮಲಗದೆ ಹತ್ತು ನಿಮಿಷ ಅಂಗಳದಲ್ಲೋ ತಾರಸಿಯಲ್ಲೋ ನಡೆದರೆ ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆ ಕಡಿಮೆಯಾಗುತ್ತದೆ. ಸೋಫಾದಲ್ಲಿ ಕೂತು ‘ಒಂದು ಗ್ಲಾಸ್ ನೀರು ತಾ’ ಎನ್ನುವ ಯಜಮಾನರು ತಾವೇ ಎದ್ದು ಹೋದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಮದುವೆ ಬಿರಿಯಾನಿಯ ಎರಡನೇ ತಟ್ಟೆಯನ್ನು ಇಷ್ಟರಿಂದ ಕರಗಿಸಲು ಆಗುವುದಿಲ್ಲ. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿವರ್ಯರ ಮಾತು ನಮಗೆಲ್ಲ ಗೊತ್ತಿದ್ದದ್ದೇ. ಮೊಣಕಾಲು ನೋವು, ಎದೆನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಿಯೇ ಶುರು ಮಾಡಲಿ.

ಇನ್ನೊಂದು ವಿಷಯ ಜಮಾಅತ್ ಕಮಿಟಿಗಳಿಗೆ. ಶಾಲೆ ನಡೆಸುವ ಜಮಾಅತ್‌ಗಳಲ್ಲಿ ಸಂಜೆ ಮೈದಾನ ಖಾಲಿ ಬಿದ್ದಿರುತ್ತದೆ. ಅಸರ್ ಮತ್ತು ಮಗ್ರಿಬ್ ನಡುವೆ ಒಂದು ಗಂಟೆ ಗೇಟು ಹಾಕಿ ಅದನ್ನು ಹೆಂಗಸರಿಗೆ ಬಿಟ್ಟುಕೊಡಲು ದೊಡ್ಡ ಖರ್ಚೇನೂ ಇಲ್ಲ. ಮುಂದಿನ ಮಹಾಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು.