ಕಲ್ಲಿನ ರಥ ಇರಲಿ, ಬೇವಿನ ಮರ ಬರಲಿ

ಪಿಯುಸಿ ಫಲಿತಾಂಶ ಬಂದ ಮೇಲೆ ವಡ್ಡು, ತೋರಣಗಲ್ಲು, ಸಂಡೂರು ಕಡೆಯ ಒಂದಿಬ್ಬರು ಮಕ್ಕಳಾದರೂ ಚಿತ್ರಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಕಲಾಶಾಲೆಗೆ ಅರ್ಜಿ ಹಾಕುವ ಮೊದಲು ಪೋರ್ಟ್‌ಫೋಲಿಯೊ ಒಮ್ಮೆ ತೋರಿಸಿ ಹೋಗೋಣ ಎಂದು ಬರುವವರು ಇವರು. ಕಟ್ಟು ಬಿಚ್ಚಿದರೆ ಮೊದಲು ಕಾಣುವುದು ಹಂಪಿಯ ಕಲ್ಲಿನ ರಥ. ಅದರ ಕೆಳಗೆ ಮೊಬೈಲ್ ನೋಡಿ, ಚೌಕ ಹಾಕಿ ಇಳಿಸಿದ ಪುನೀತ್ ರಾಜ್‌ಕುಮಾರ್. ಆಮೇಲೆ ರಾಧಾಕೃಷ್ಣ, ಸೂರ್ಯಾಸ್ತ, ತೆಂಗಿನ ಮರ. ಕೈ ಪಳಗಿರುತ್ತದೆ, ಶೇಡಿಂಗ್ ನಯವಾಗಿರುತ್ತದೆ. ನಾನು ಒಂದೊಂದನ್ನೇ ಪಕ್ಕಕ್ಕಿಡುತ್ತಾ ಹೋದಂತೆ ಮುಖ ಸಣ್ಣದಾಗುತ್ತದೆ. ‘ಇದು ಭಾಳ ಚೆನ್ನಾಗ್ ಬಂದೈತೆ ಸಾರ್, ಇದನ್ನೊಂದು ತೆಗಿಬ್ಯಾಡ್ರಿ.’

ಚೆನ್ನಾಗಿ ಬಂದಿರುವುದು ನಿಜ. ಆದರೆ ಅದನ್ನು ಮೊದಲು ನೋಡಿದ್ದು ಕ್ಯಾಮೆರಾ. ಬೆಳಕು ಎಲ್ಲಿ, ನೆರಳು ಎಲ್ಲಿ, ಎಷ್ಟು ಬಿಡಬೇಕು, ಎಲ್ಲಿ ಕತ್ತರಿಸಬೇಕು ಎಂಬ ತೀರ್ಮಾನವೆಲ್ಲ ಫೋಟೊ ತೆಗೆದವನದು. ನಮ್ಮ ಹುಡುಗ ಮಾಡಿದ್ದು ಇಳಿಸುವ ಕೆಲಸ. ಕೈ ಎಷ್ಟು ಓಡುತ್ತದೆಂದು ತಿಳಿಯಲು ಆಯ್ಕೆ ಪರೀಕ್ಷೆ ಇದ್ದೇ ಇದೆ: ಸಾಮಾನ್ಯವಾಗಿ ಎದುರಿಗೆ ಮಡಕೆ, ಬಟ್ಟೆ, ಹಣ್ಣು ಇಟ್ಟು ಬರೆಸುತ್ತಾರೆ, ಒಂದು ವಿಷಯ ಕೊಟ್ಟು ಸಂಯೋಜನೆ ಮಾಡಿಸುತ್ತಾರೆ. ಸಂದರ್ಶನದಲ್ಲಿ ಪೋರ್ಟ್‌ಫೋಲಿಯೊ ಬಿಚ್ಚಿದಾಗ ಕಲಾಶಾಲೆಯವರು ಹುಡುಕುವುದು ಬೇರೆ. ಯಾರೂ ವಿಷಯ ಕೊಡದಿದ್ದಾಗ ಈ ಮಗು ಏನನ್ನು ನೋಡುತ್ತದೆ?

ವಡ್ಡಿನ ಹುಡುಗಿಯೊಬ್ಬಳು ಬರೆದ ಬೇವಿನ ಮರದ ಕಥೆಯನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. ಅದಿರಿನ ಲಾರಿ ಓಡಾಡುವ ರಸ್ತೆಯಂಚಿನ ಮರ ಅದು. ಮೊದಲ ಹಾಳೆಯಲ್ಲಿ ಅವಳೂ ಎಲ್ಲರಂತೆ ಬಾಟಲಿಯ ಹಸಿರನ್ನೇ ಬಳಿದಿದ್ದಳು. ‘ಮರ ಹಿಂಗೈತೇನಮ್ಮ?’ ಎಂದೆ. ಮಾತಾಡಲಿಲ್ಲ. ಮರುದಿನ ಒಂದು ಎಲೆಗೊಂಚಲನ್ನೇ ಕಿತ್ತು ತಂದಳು. ಬಿಳಿ ಹಾಳೆಯ ಮೇಲಿಟ್ಟು ಇಬ್ಬರೂ ನೋಡಿದೆವು. ಮೇಲ್ಮೈ ಧೂಳು ಕೂತು ಕಂದು, ತಿರುವಿದರೆ ತಿಳಿ ಹಸಿರು. ನಡುನರದ ಇಕ್ಕೆಲದಲ್ಲಿ ಧೂಳು ದಪ್ಪ, ಗರಗಸದ ಹಲ್ಲಿನಂಥ ಅಂಚಿನಲ್ಲಿ ತೆಳು. ಬರ್ಂಟ್ ಸಿಯೆನ್ನಾಕ್ಕೆ ಚೂರು ಹಸಿರು, ಚೂರು ಬಿಳಿ ಬೆರೆಸಿ ಪಟ್ಟಿ ಪಟ್ಟಿಯಾಗಿ ಬಳಿದು, ಒಂದೊಂದನ್ನೂ ಎಲೆಯ ಪಕ್ಕ ಹಿಡಿದು ಹೊಂದಿಸುತ್ತಾ ಕೂತಳು. ನಾಲ್ಕನೆಯ ಹಾಳೆ ಮೊದಲ ಮಳೆಯ ಮಾರನೆಯ ದಿನದ್ದು: ಮೇಲಿನ ಕೊಂಬೆಗಳು ತೊಳೆದು ಹಸಿರಾಗಿವೆ, ಕೆಳಗಿನವು ಚಕ್ರ ಎರಚಿದ ಕೆಸರಿನಲ್ಲಿ ಇನ್ನೂ ಕೆಂಪು. ಹೀಗೆ ಐದು ಹಾಳೆ ಆದವು. ತಪ್ಪು ಹಸಿರಿನ ಮೊದಲನೆಯದನ್ನೂ ಸೇರಿಸಿ ಒಂದರ ಹಿಂದೊಂದು ಇಡಿಸಿದೆ. ಪಟ್ಟಿ ಬಳಿದ ಹಾಳೆಯನ್ನೂ ಬಿಡಲಿಲ್ಲ. ಬಿಡಿಬಿಡಿಯಾದ ಐದು ಒಳ್ಳೆಯ ಚಿತ್ರಗಳಿಗಿಂತ ಇಂಥ ಒಂದು ಸರಣಿಯ ತೂಕ ಹೆಚ್ಚೆಂದು ನನ್ನ ಲೆಕ್ಕ.

ಹಾಗಂತ ಹಂಪಿಯನ್ನು ಬಿಡಿ ಎಂದಲ್ಲ. ಇಷ್ಟು ಹತ್ತಿರದಲ್ಲಿದ್ದು ಬಿಟ್ಟರೆ ಪಾಪ. ರಥವನ್ನು ಪ್ರವಾಸಿಗರಿಗೆ ಬಿಟ್ಟು ಹಜಾರರಾಮ ದೇವಸ್ಥಾನದ ಹೊರಗೋಡೆಯ ಎದುರು ಕೂತುಕೊಳ್ಳಿ. ಕೆಳಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆಗಳು, ಇನ್ನೂ ಮೇಲೆ ಸೈನಿಕರು, ನರ್ತಕಿಯರು. ಕುದುರೆಯ ಸಾಲೊಂದನ್ನೇ ಹಿಡಿದು ಬರೆಯಿರಿ. ಬೆಳಿಗ್ಗೆ ಓರೆಬಿಸಿಲಿನಲ್ಲಿ ಉಬ್ಬು ಎದ್ದು ಕಾಣುತ್ತದೆ, ಮಧ್ಯಾಹ್ನ ಸಪ್ಪಟೆಯಾಗುತ್ತದೆ. ಕಲ್ಲು ನೋಡಿ ಬರೆಯುವುದೂ ನಕಲೇ ಅಲ್ಲವೇ ಎಂದು ಒಬ್ಬ ಹುಡುಗ ಕೇಳಿದ್ದ. ಜಾಣ ಪ್ರಶ್ನೆ. ಕಲ್ಲಿನಲ್ಲಿ ಗೆರೆ ಇರುವುದಿಲ್ಲ, ಉಬ್ಬು ತಗ್ಗು ಮಾತ್ರ ಇರುತ್ತದೆ. ಗೆರೆ ಎಲ್ಲಿ ಬರಬೇಕು ಎಂದು ನಿರ್ಧರಿಸುವವನು ಬರೆಯುವವನೇ. ಗೆರೆಯ ಹದ ನೋಡಬೇಕೆಂದರೆ ವಿರೂಪಾಕ್ಷನ ಗುಡಿಯ ರಂಗಮಂಟಪದ ಒಳಛಾವಣಿಯ ಚಿತ್ರ ನೋಡಿ. ಪಲ್ಲಕ್ಕಿಯಲ್ಲಿ ಹೋಗುವ ವಿದ್ಯಾರಣ್ಯರ ಮೆರವಣಿಗೆ ಅಲ್ಲಿದೆ. ಕತ್ತು ನೋವು ಬರುತ್ತದೆ, ಬರಲಿ.

ಇನ್ನು ಸಣ್ಣ ಸ್ಕೆಚ್ ಪುಸ್ತಕವೊಂದು ಜೊತೆಗಿರಬೇಕು. ತೋರಣಗಲ್ಲು ಬಸ್ ನಿಲ್ದಾಣದಲ್ಲಿ ಕಾಯುವವರು, ಕಂಪ್ಲಿ ಕಡೆಯ ಗದ್ದೆಯಲ್ಲಿ ನಾಟಿ ಹಾಕುವವರು, ಸಂಡೂರಿನ ಲಂಬಾಣಿ ಹೆಂಗಸರು ಕಸೂತಿ ಹಾಕುವಾಗ ಬೆರಳು ಮಡಚುವ ರೀತಿ. ಜನ ಅಲುಗಾಡುತ್ತಾರೆ, ಚಿತ್ರ ಅರ್ಧಕ್ಕೆ ನಿಲ್ಲುತ್ತದೆ. ನಿಲ್ಲಲಿ. ಶಾಂತಿನಿಕೇತನದ ಕಲಾಭವನದಲ್ಲಿ ಕಲಿಸುತ್ತಿದ್ದ ನಂದಲಾಲ್ ಬೋಸರು 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆಂದು ಬರೆದ ಚಿತ್ರಗಳಲ್ಲಿ ತುಂಬಿರುವುದು ಕೆಲಸದಲ್ಲಿರುವ ಹಳ್ಳಿಯ ಜನವೇ.

ಎಷ್ಟು ಚಿತ್ರ ಬೇಕು? ಕಾಲೇಜು ಸಂಖ್ಯೆ ಹೇಳಿದ್ದರೆ ಅಷ್ಟೇ. ಹೇಳದಿದ್ದರೆ ಹದಿನೈದು ಸಾಕು. ಸುಮಾರಾದ ಒಂದು ಚಿತ್ರ ಪಕ್ಕದ ಒಳ್ಳೆಯದನ್ನೂ ಕೆಳಗೆಳೆಯುತ್ತದೆ. ಹಾಳೆಗಳನ್ನು ಸುರುಳಿ ಸುತ್ತದೆ ಎರಡು ದಪ್ಪ ರಟ್ಟಿನ ನಡುವೆ ಚಪ್ಪಟೆಯಾಗಿ ಒಯ್ಯಿರಿ. ಇದ್ದಿಲಿನ ಕೆಲಸದ ಮೇಲೆ ಫಿಕ್ಸೆಟಿವ್ ಹೊಡೆದು ತೆಳುಕಾಗದ ಮುಚ್ಚಿ. ಹೊಳೆಯುವ ಚೌಕಟ್ಟು, ಥರ್ಮಾಕೋಲ್, ಮಿನುಗು ಅಕ್ಷರ ಯಾವುದೂ ಬೇಡ. ಯಾವುದರ ಪಕ್ಕ ಯಾವುದಿರಬೇಕು ಎಂಬುದನ್ನು ಕಲಿಯಲು 2024ರಲ್ಲಿ ಇಲ್ಲೇ ವಿದ್ಯಾನಗರದಲ್ಲಿ ಶುರುವಾದ ಹಂಪಿ ಆರ್ಟ್ ಲ್ಯಾಬ್ಸ್‌ಗೆ ಪ್ರದರ್ಶನವಿದ್ದಾಗ ಹೋಗಿ, ಗೋಡೆಯ ಮೇಲೆ ಎರಡು ಚಿತ್ರಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆಂದು ಗಮನಿಸಿ. ಆನ್‌ಲೈನಿನಲ್ಲಿ ಕಳಿಸಬೇಕಿದ್ದರೆ ಹಾಳೆಯನ್ನು ನೆರಳಿನಲ್ಲಿ ಗೋಡೆಗೆ ಆನಿಸಿ, ಫ್ಲಾಶ್ ಇಲ್ಲದೆ ನೇರ ಎದುರಿನಿಂದ ಫೋಟೊ ತೆಗೆಯಿರಿ, ಫಿಲ್ಟರ್ ಮುಟ್ಟಬೇಡಿ.

ಕಲಾಶಾಲೆಯಲ್ಲಿ ಸಿಗುವ ಬಿವಿಎ, ಅಂದರೆ ದೃಶ್ಯಕಲೆಯ ಪದವಿ, ನಾಲ್ಕು ವರ್ಷದ್ದು. ಪಿಯುಸಿಯಲ್ಲಿ ಕಾಮರ್ಸ್ ಓದಿದವರೂ ಸೇರಬಹುದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, 1964ರಲ್ಲಿ ಶುರುವಾದ ದಾವಣಗೆರೆಯ ಕಲಾಶಾಲೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ನಮ್ಮ ಮಕ್ಕಳು ಹೆಚ್ಚಾಗಿ ವಿಚಾರಿಸುವ ಜಾಗಗಳು. ಅಹಮದಾಬಾದಿನ ಎನ್‌ಐಡಿಯಂಥ ವಿನ್ಯಾಸ ಸಂಸ್ಥೆಗಳ ದಾರಿ ಬೇರೆ. ಅದಕ್ಕೆ ಡಿಎಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಸಂದರ್ಶನದಲ್ಲಿ ‘ಈ ಚಿತ್ರ ಯಾಕೆ ಮಾಡಿದಿರಿ’ ಎಂದು ಕೇಳಿದರೆ, ಕಲೆಯೇ ನನ್ನ ಉಸಿರು ಎಂದು ಶುರು ಮಾಡಬೇಡಿ. ಎಲ್ಲಿ ಕೂತು ಬರೆದಿರಿ, ಎಷ್ಟು ಹೊತ್ತಿನಲ್ಲಿ, ಯಾವುದು ಕೈಗೆ ಸಿಗಲಿಲ್ಲ, ಅಷ್ಟು ಹೇಳಿ. ಕನ್ನಡದಲ್ಲೇ ಹೇಳಿ. ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಯ ಸರ್ಟಿಫಿಕೇಟುಗಳಿದ್ದರೆ ಬೇರೆ ಫೈಲಿನಲ್ಲಿರಲಿ, ಚಿತ್ರಗಳ ನಡುವೆ ತುರುಕಬೇಡಿ.