ನೀರೊಳಗೆ ಬಣ್ಣ ಎಲ್ಲಿ ಹೋಗುತ್ತದೆ?



ಹವಳ ಎಂದರೆ ನಮಗೆ ಮೊದಲು ನೆನಪಾಗುವುದು ಸರದಲ್ಲಿ ಪೋಣಿಸಿದ ಕೆಂಪು ಮಣಿ ಅಲ್ಲವೇ? 2024ರ ಏಪ್ರಿಲ್ ರಜೆಯಲ್ಲಿ ಮಕ್ಕಳೊಂದಿಗೆ ಸಿಡ್ನಿಯಿಂದ ಕೇರ್ನ್ಸ್‌ಗೆ ಹೋಗಿ, ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನೀರಿಗಿಳಿದಾಗ ನಾನು ಹುಡುಕಿದ್ದೂ ಆ ಕೆಂಪನ್ನೇ. ತರಬೇತಿ ಇಲ್ಲದವರನ್ನೂ ಅಲ್ಲಿ ಆರೋಗ್ಯದ ಪ್ರಶ್ನೆಗಳನ್ನು ಕೇಳಿ, ಸ್ಕೂಬಾ ಶಿಕ್ಷಕರ ಜೊತೆ ಸ್ವಲ್ಪ ಆಳಕ್ಕೆ ಇಳಿಸುತ್ತಾರೆ. ಅವರ ಮೊದಲ ಪಾಠ: ಉಸಿರು ಬಿಗಿಹಿಡಿಯಬೇಡಿ. ಮೇಲೇರುವಾಗ ಒತ್ತಡ ತಗ್ಗಿ ಗಾಳಿ ಹಿಗ್ಗುತ್ತದೆ. ಉಸಿರು ಹಿಡಿದರೆ ಶ್ವಾಸಕೋಶಕ್ಕೇ ಅಪಾಯ.

ಬಾಡಿಗೆ ಕ್ಯಾಮೆರಾದಲ್ಲಿ ಸುಮಾರು ನಲವತ್ತು ಚಿತ್ರ ತೆಗೆದೆ. ದೋಣಿಗೆ ಬಂದು ನೋಡಿದರೆ, ಬಿಳಿ ಬಟ್ಟೆಗೆ ನೀಲಿ ಜಾಸ್ತಿ ಹಾಕಿದ ಹಾಗೆ, ಎಲ್ಲವೂ ನೀಲಿ!

ಕಾರಣ ಸರಳ. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ಹೀರುವುದು ಕೆಂಪನ್ನು. ಐದು ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಪಾಲು ಮಾಯ. ಆಮೇಲೆ ಕಿತ್ತಳೆ, ಹಳದಿ. ಆಳಕ್ಕೆ ಹೋದಂತೆ ಉಳಿಯುವುದು ನೀಲಿ. ನಮ್ಮ ಕಣ್ಣು ಸ್ವಲ್ಪ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ಅದಕ್ಕೇ ನುರಿತವರು ಬೆಳಕನ್ನು ತಾವೇ ಒಯ್ಯುತ್ತಾರೆ. ಆದರೆ ಆ ಫ್ಲ್ಯಾಷ್ ಬೆಳಕೂ ನೀರನ್ನೇ ದಾಟಬೇಕಲ್ಲ? ಆದ್ದರಿಂದ ಒಂದು ಮೀಟರಿನೊಳಗೆ ಹೋಗಿ ತೆಗೆಯಬೇಕು. ದೂರದಿಂದ ಜೂಮ್ ಮಾಡಿದರೆ ಬಣ್ಣ ಬರುವುದಿಲ್ಲ. ಫ್ಲ್ಯಾಷ್ ಪಕ್ಕದಿಂದ ಬೀಳಬೇಕು. ನೇರವಾಗಿ ಬಿದ್ದರೆ ನೀರಿನ ಕಸವೆಲ್ಲ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆಗಳು.

ಹತ್ತಿರ ಹೋಗುವುದರಲ್ಲೇ ಅಪಾಯವೂ ಇದೆ. ಮುಳುಗದೆ, ಮೇಲೇರದೆ ನಿಂತಲ್ಲೇ ತೇಲುವ ಹದ ಬರದಿದ್ದರೆ ಕಾಲಿಗೆ ಕಟ್ಟಿದ ರೆಕ್ಕೆ ಹವಳಕ್ಕೆ ಬಡಿಯುತ್ತದೆ. ನನ್ನನ್ನು ಶಿಕ್ಷಕಿ ಎರಡು ಸಲ ಹಿಂದಕ್ಕೆಳೆದರು. ಗುಂಡು ಹವಳ ಒಂದು ಗೇಣು ಬೆಳೆಯಲು ಹತ್ತಾರು ವರ್ಷ ಬೇಕು. ಮುರಿಯಲು ಒಂದು ಒದೆ ಸಾಕು. ಮೊದಲ ಸಲ ಇಳಿಯುವವರು ಕ್ಯಾಮೆರಾವನ್ನು ದೋಣಿಯಲ್ಲೇ ಬಿಡಿ ಎಂದು ಈಗ ನಾನು ಹೇಳುತ್ತೇನೆ.

ನನ್ನ ನಲವತ್ತರಲ್ಲಿ ಒಂದು ಚಿತ್ರ ಮಾತ್ರ ಬೇರೆ ಇತ್ತು. ಕವಲು ಕವಲಾದ ಹವಳ, ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗೆ. ಹೆಮ್ಮೆಯಿಂದ ಶಿಕ್ಷಕಿಗೆ ತೋರಿಸಿದೆ. ಅವರು ನಗಲಿಲ್ಲ. "ಅದು ಹಸಿದಿದೆ" ಎಂದರು.

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳ ವಠಾರ. ಅವುಗಳ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಹವಳದ ಬಣ್ಣಕ್ಕೂ ಮುಖ್ಯ ಕಾರಣ ಅದೇ. ನೀರು ವಾಡಿಕೆಗಿಂತ ಬರೀ ಒಂದು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ನಿಂತರೂ ಈ ಸಂಬಂಧ ಮುರಿದು, ಹವಳ ಪಾಚಿಯನ್ನು ಹೊರಹಾಕುತ್ತದೆ. ಆಗ ಪಾರದರ್ಶಕ ಮೈಯೊಳಗಿನ ಬಿಳಿ ಸುಣ್ಣದ ಎಲುಬು ಕಾಣುತ್ತದೆ. ನಾನು ಚೆಂದ ಎಂದುಕೊಂಡದ್ದು ಅದನ್ನು! ಆದರೂ ಅದು ಸತ್ತಿಲ್ಲ. ನೀರು ಬೇಗ ತಣಿದರೆ ಪಾಚಿ ಮರಳಿ ಬರಬಹುದು. ತಣಿಯದಿದ್ದರೆ ಉಪವಾಸವೇ ಸಾವು. ಈ ರೀಫ್‌ನಲ್ಲಿ 1998ರಲ್ಲಿ, 2002ರಲ್ಲಿ ವ್ಯಾಪಕವಾಗಿ ಹೀಗಾಯಿತು. ಆಮೇಲೆ 2016, 2017, 2020, 2022, 2024. ಚೇತರಿಸಿಕೊಳ್ಳಲು ಸಿಗುವ ಬಿಡುವು ಎಷ್ಟು ಕಿರಿದಾಗಿದೆ ನೋಡಿ.

ಶಿಕ್ಷಕಿ ಆ ಚಿತ್ರವನ್ನು ಅಳಿಸಬೇಡಿ ಎಂದರು. ರೀಫ್ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರಕ್ಕೆ 'ಐ ಆನ್ ದ ರೀಫ್' ಎಂಬ ಆ್ಯಪ್ ಇದೆ. ಪ್ರವಾಸಿಗರೂ ತಾವು ಕಂಡದ್ದನ್ನು ಚಿತ್ರದೊಂದಿಗೆ ಅದರಲ್ಲಿ ಕಳಿಸಬಹುದು. ಇಂಥ ಚಿತ್ರಗಳಿಂದಲೇ ಸಂಶೋಧಕರು ಮ್ಯಾಂಟಾ ರೇ ಮೀನುಗಳನ್ನು ಹೊಟ್ಟೆಯ ಮಚ್ಚೆ ನೋಡಿ ಒಂದೊಂದಾಗಿ ಗುರುತಿಸುತ್ತಾರೆ. ನನ್ನ ಬಿಳಿ ಹವಳವೂ ಅಂದೇ ಸಂಜೆ ಆ್ಯಪ್ ಸೇರಿತು.

ಊರಿಗೆ ಹೋದಾಗ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲೂ ನೀವು ಸ್ಕೂಬಾ ಮಾಡಬಹುದು, ಅಲ್ಲೂ ಹವಳವಿದೆ. ಎಲ್ಲೇ ಇಳಿಯಿರಿ, ಮುಟ್ಟಬೇಡಿ, ನಿಲ್ಲಬೇಡಿ, ಏನನ್ನೂ ಎತ್ತಿ ತರಬೇಡಿ. ಇಳಿದ ಮರುದಿನವೇ ವಿಮಾನ ಹತ್ತುವವರು ಕನಿಷ್ಠ ಹದಿನೆಂಟು ಗಂಟೆ ಬಿಡುವು ಇಟ್ಟುಕೊಳ್ಳಿ.

ನೀರು ಕದ್ದ ಕೆಂಪನ್ನು ಒಂದು ಫ್ಲ್ಯಾಷ್ ಮರಳಿ ತರುತ್ತದೆ. ಬಿಸಿ ಕದ್ದ ಬಣ್ಣ ಮರಳಬೇಕಾದರೆ ಸಮುದ್ರವೇ ತಣಿಯಬೇಕು. ಮುಂದಿನ ಸಲ ಬೆಳ್ಳಗಿನ ಹವಳದ ಚಿತ್ರ ಕಂಡಾಗ ಇದು ನಿಮಗೆ ನೆನಪಾಗಲಿ.